ಐದು ದಿನದ ರಜೆಗೆ ಆರು ಪಾಸ್‌ಪೋರ್ಟ್

2026ರ ಜನವರಿ 1ರಂದು ಯುರೋಪಿನ ಎರಡು ಅಕ್ಕಪಕ್ಕದ ದೇಶಗಳು ಒಂದೇ ದಿನ ಎರಡು ದಿಕ್ಕಿಗೆ ಹೆಜ್ಜೆ ಇಟ್ಟವು. ನೆದರ್ಲೆಂಡ್ಸ್ ಸರ್ಕಾರ ಹೋಟೆಲ್ ರೂಮು, ಬಾಡಿಗೆ ಕಾಟೇಜುಗಳ ಮೇಲಿನ ತೆರಿಗೆಯನ್ನು ಶೇ. 9ರಿಂದ ಶೇ. 21ಕ್ಕೆ ಏರಿಸಿತು. ಜರ್ಮನಿ ರೆಸ್ಟೋರೆಂಟ್ ಊಟದ ಮೇಲಿನ ತೆರಿಗೆಯನ್ನು ಶೇ. 19ರಿಂದ ಶೇ. 7ಕ್ಕೆ ಇಳಿಸಿತು. ಅಲ್ಲಿ ವಸತಿ ಮೇಲಿನ ತೆರಿಗೆ 2010ರಿಂದಲೂ ಶೇ. 7 ಮಾತ್ರ.

ಲೆಕ್ಕ ಸುಲಭ. ತೆರಿಗೆ ಸೇರಿಸದೆ ಸಾವಿರ ಯುರೋ ಆಗುವ ಕಾಟೇಜ್ ಇದೆ ಅಂದುಕೊಳ್ಳಿ. ಮೊದಲು ನೆದರ್ಲೆಂಡ್ಸ್‌ನಲ್ಲಿ ಅದಕ್ಕೆ 1,090 ಕೊಡಬೇಕಿತ್ತು, ಈಗ 1,210. ಗಡಿ ದಾಟಿದರೆ 1,070. ಇಪ್ಪತ್ತು ಯುರೋ ವ್ಯತ್ಯಾಸ ನೂರಾ ನಲವತ್ತಾಯಿತು. ಮಕ್ಕಳಿರುವ ಮಧ್ಯಮ ವರ್ಗದ ಕುಟುಂಬ ಏನು ಮಾಡುತ್ತೆ? ಕಾರು ಪೂರ್ವಕ್ಕೆ ತಿರುಗಿಸುತ್ತೆ. (ಟೆಂಟ್ ಹಾಕಿಕೊಂಡು ಮಲಗಿದರೆ ನೆದರ್ಲೆಂಡ್ಸ್‌ನಲ್ಲಿ ಈಗಲೂ ಶೇ. 9 ಸಾಕು, ಗೋಡೆ ಬೇಕೆಂದರೆ ಶೇ. 21. ಬನ್ನಿಗೆ ಸೊನ್ನೆ, ಒಳಗೆ ಕ್ರೀಮ್ ಹಾಕಿದರೆ ಶೇ. 18 ಎಂಬ ನಮ್ಮ 2024ರ ಜಿಎಸ್‌ಟಿ ಜೋಕು ನೋಡಿದವರಿಗೆ ಇದೇನೂ ಹೊಸದಲ್ಲ.)

ಇಷ್ಟು ದೂರದ ತೆರಿಗೆ ಕಟ್ಟಿಕೊಂಡು ನಮಗೇನು ಅಂತ ಕೇಳಬಹುದು. ನನ್ನ ಇಂಜಿನಿಯರಿಂಗ್ ಬ್ಯಾಚ್‌ನ ವಾಟ್ಸಾಪ್ ಗ್ರೂಪ್‌ನಲ್ಲಿ ಒಂದು ಕಾಲಕ್ಕೆ ಬರೀ ಬೆಳ್ಳಂದೂರು ಟ್ರಾಫಿಕ್ ಬಗ್ಗೆ ಮಾತಿರುತ್ತಿತ್ತು. ಈಗ ಐಂಡ್‌ಹೋವನ್ ಬಗ್ಗೆಯೂ ಅಷ್ಟೇ ಮಾತು. ಚಿಪ್ ತಯಾರಿಸುವ ಯಂತ್ರಗಳ ಎಎಸ್‌ಎಂಎಲ್ ಕಂಪನಿ ಇರುವುದು ಆ ಊರಿನ ಪಕ್ಕದ ಫೆಲ್ಡ್‌ಹೋವನ್‌ನಲ್ಲಿ. ಅದರ ಸುತ್ತಮುತ್ತಲ ಕಂಪನಿಗಳಿಗೆ ಭಾರತದಿಂದ ಹೋದ ಇಂಜಿನಿಯರುಗಳ ದೊಡ್ಡ ಗುಂಪೇ ಅಲ್ಲಿದೆ. ಅವರಲ್ಲೊಬ್ಬ, ನನ್ನ ಹಾಸ್ಟೆಲ್ ಗೆಳೆಯ, ಈ ಬೇಸಿಗೆಗೆ ಜರ್ಮನಿಯ ಒಂದು ರಜಾ ಪಾರ್ಕ್‌ನಲ್ಲಿ ಐದು ದಿನ ಉಳಿಯುವ ಪ್ಲಾನ್ ಹಾಕುತ್ತಿದ್ದಾನೆ. ಗಂಡ, ಹೆಂಡತಿ, ಎರಡು ಮಕ್ಕಳು, ತುಮಕೂರಿನಿಂದ ಬರಲಿರುವ ಅಪ್ಪ-ಅಮ್ಮ. ಅವನು ಕಳಿಸಿದ ಎಕ್ಸೆಲ್ ಶೀಟ್ ನೋಡಿದೆ. ಯುರೋಪಿನ ಇವತ್ತಿನ ರಾಜಕೀಯ ಅರ್ಥ ಮಾಡಿಕೊಳ್ಳಲು ಯಾವ ಪಕ್ಷದ ಪ್ರಣಾಳಿಕೆಗಿಂತಲೂ ಅದು ಚೆನ್ನಾಗಿದೆ ಅನ್ನಿಸಿತು.

ಮೊದಲು ಈ ರಜಾ ಪಾರ್ಕ್ ಅಂದರೆ ಏನು ಅನ್ನೋದನ್ನ ಹೇಳಿಬಿಡುತ್ತೇನೆ. ಇದು ವಂಡರ್‌ಲಾ ಅಲ್ಲ, ರೆಸಾರ್ಟೂ ಅಲ್ಲ. ಕಾಡಿನ ಮಧ್ಯೆ ನೂರಾರು ಸಣ್ಣ ಕಾಟೇಜುಗಳು, ಪ್ರತಿಯೊಂದರಲ್ಲೂ ಅಡುಗೆಮನೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಈಜುಕೊಳ, ಆಟದ ಬಯಲು, ಸೈಕಲ್ ದಾರಿ. ಪೀಟ್ ಡೆರ್ಕ್‌ಸೆನ್ ಎಂಬ ರಾಟರ್‌ಡ್ಯಾಮ್‌ನ ಕ್ರೀಡಾ ಸಾಮಾನಿನ ವ್ಯಾಪಾರಿ 1968ರಲ್ಲಿ ನೆದರ್ಲೆಂಡ್ಸ್‌ನ ರ್‍ಯೂವರ್ ಎಂಬಲ್ಲಿ ಇಂಥ ಪಾರ್ಕ್ ತೆರೆದ. ಅದೇ ಮುಂದೆ ಸೆಂಟರ್ ಪಾರ್ಕ್ಸ್ ಆಯಿತು. ನಗರದ ಜನ ವರ್ಷಕ್ಕೊಮ್ಮೆ ಮರಗಳ ನಡುವೆ ಇದ್ದು ಬರಲಿ ಎಂಬುದು ಅವನ ಯೋಚನೆ. 1980ರಲ್ಲಿ ಗಾಜಿನ ಸೂರಿನಡಿ ಬೆಚ್ಚಗಿನ ಈಜುಕೊಳ ಬಂತು. ಮಳೆ ಬಂದರೂ ಮಕ್ಕಳ ರಜೆ ಹಾಳಾಗುವುದಿಲ್ಲ ಎಂಬ ಗ್ಯಾರಂಟಿ ಸಿಕ್ಕಿತು. ಆಮೇಲೆ ಈ ಮಾದರಿ ಬೆಲ್ಜಿಯಂ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿಗೆ ಹಬ್ಬಿತು.

ಕನ್ನಡದ ಕುಟುಂಬಗಳಿಗೆ ಇದು ಇಷ್ಟವಾಗುವುದಕ್ಕೆ ಕಾರಣ ಕಾಡೂ ಅಲ್ಲ, ಈಜುಕೊಳವೂ ಅಲ್ಲ. ಅಡುಗೆಮನೆ. ಮೊಟ್ಟೆಯನ್ನೂ ತಿನ್ನದ ಅಮ್ಮನನ್ನು ಜರ್ಮನಿಯ ಹಳ್ಳಿಗೆ ಕರೆದುಕೊಂಡು ಹೋಗಿ ಮೂರು ಹೊತ್ತು ಬ್ರೆಡ್ಡು, ಚೀಸು ತಿನ್ನಿಸುವುದಕ್ಕಾಗುತ್ತಾ? ರಾಗಿಹಿಟ್ಟು, ಸಾರಿನ ಪುಡಿ, ಕುಕ್ಕರ್ ಡಿಕ್ಕಿಯಲ್ಲಿಟ್ಟರೆ ಚಿಂತೆ ಮುಗೀತು. ಗೆಳೆಯನ ಶೀಟ್‌ನಲ್ಲಿ ‘ಒಲೆ ಯಾವುದು’ ಅಂತ ಒಂದು ಕಾಲಂ ಇದೆ. ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯಾಗೋದೇ ಇಲ್ಲ, ಸ್ಟೀಲಿನದ್ದು ಬೇಕು. ‘ಭಾನುವಾರ’ ಅಂತ ಇನ್ನೊಂದು ಕಾಲಂ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ, ಹಾಲು ಮೊಸರು ಶನಿವಾರವೇ ತಂದಿಟ್ಟುಕೊಳ್ಳಬೇಕು. ಕಾರಿಗೆ ಹಸಿರು ಸ್ಟಿಕರ್ ಬೇರೆ. ಅದಿಲ್ಲದೆ ಕಲೋನ್, ಡುಸೆಲ್‌ಡಾರ್ಫ್ ಥರದ ನಗರಗಳ ಪರಿಸರ ವಲಯದೊಳಗೆ ಹೋದರೆ ವಿದೇಶಿ ಕಾರಿಗೂ ದಂಡ.

ಮುಂದಿನ ಕಾಲಂ ರಜೆಯ ದಿನಾಂಕ. ರಾಜಕೀಯ ಶುರುವಾಗುವುದು ಇಲ್ಲಿಂದ.

ನೆದರ್ಲೆಂಡ್ಸ್‌ನಲ್ಲಿ ಐದು ವರ್ಷ ತುಂಬಿದ ಮಗುವಿಗೆ ಶಾಲೆ ಕಡ್ಡಾಯ. ನಮ್ಮಲ್ಲಿ ಮದುವೆಗೋ ಜಾತ್ರೆಗೋ ಅಂತ ನಾಲ್ಕು ದಿನ ಚಕ್ಕರ್ ಹೊಡೆಸುವ ಹಾಗೆ ಅಲ್ಲಿ ಮಾಡಿದರೆ ಅಪ್ಪ-ಅಮ್ಮನಿಗೆ ದಂಡ ಬೀಳುತ್ತೆ. ರಸ್ತೆಗಳು ಒಮ್ಮೆಲೇ ತುಂಬಬಾರದು ಅಂತ ದೇಶವನ್ನು ಉತ್ತರ, ಮಧ್ಯ, ದಕ್ಷಿಣ ಅಂತ ಮೂರು ಭಾಗ ಮಾಡಿ ಬೇಸಿಗೆ ರಜೆಯನ್ನು ಬೇರೆ ಬೇರೆ ವಾರ ಶುರು ಮಾಡುತ್ತಾರೆ. ಜರ್ಮನಿಯ 16 ರಾಜ್ಯಗಳೂ ಹೀಗೇ ಸರದಿ ಹಾಕಿಕೊಂಡಿವೆ. ಒಳ್ಳೆಯ ಉದ್ದೇಶವೇ. ಆದರೆ ಈ ಕ್ಯಾಲೆಂಡರ್ ಎಲ್ಲರಿಗಿಂತ ಚೆನ್ನಾಗಿ ಓದುವುದು ಪಾರ್ಕ್ ಕಂಪನಿಗಳ ಬೆಲೆ ನಿಗದಿ ಮಾಡುವ ಸಾಫ್ಟ್‌ವೇರ್. ಯಾವ ವಾರ ಪೋಷಕರಿಗೆ ಬೇರೆ ದಾರಿಯೇ ಇಲ್ಲವೋ ಆ ವಾರ ಬೆಲೆ ಮೇಲಕ್ಕೆ. ಕಾನೂನು ಮಕ್ಕಳಿರುವವರನ್ನು ಆರು ವಾರಗಳ ಒಂದು ಕಿಂಡಿಯೊಳಗೆ ತಳ್ಳುತ್ತೆ, ಮಾರುಕಟ್ಟೆ ಆ ಕಿಂಡಿಯ ಬಾಯಲ್ಲಿ ಟೋಲ್ ಗೇಟ್ ಹಾಕಿಕೊಂಡು ಕೂತಿರುತ್ತೆ. ಜಾಣರು ಹುಡುಕುವುದು ತಮ್ಮ ಪ್ರಾಂತ್ಯಕ್ಕೆ ರಜೆ ಸಿಕ್ಕು, ಗಡಿಯಾಚೆಯ ಜರ್ಮನ್ ರಾಜ್ಯದಲ್ಲಿ ಇನ್ನೂ ಶಾಲೆ ನಡೆಯುತ್ತಿರುವ ವಾರವನ್ನು. ಪಕ್ಕದ ದೇಶಕ್ಕೆ ಹೋಗುವುದಕ್ಕೆ ಇದೂ ಒಂದು ಕಾರಣ.

ಟೋಲ್ ಗೇಟ್ ಯಾರದ್ದು ಅಂತಲೂ ನೋಡಬೇಕು. ಲಾಂಡಾಲ್ ಮತ್ತು ರೋಂಪಾಟ್ ಡಚ್ಚರ ಎರಡು ಹಳೆಯ, ಪರಸ್ಪರ ಪೈಪೋಟಿಯ ಪಾರ್ಕ್ ಸಮೂಹಗಳು. ಅಮೆರಿಕದ ಹೂಡಿಕೆ ಕಂಪನಿ ಕೆಕೆಆರ್ 2020ರಲ್ಲಿ ರೋಂಪಾಟ್ ಕೊಂಡಿತು, 2023ರಲ್ಲಿ ಲಾಂಡಾಲ್ ಕೂಡ ಅದೇ ತೆಕ್ಕೆಗೆ ಬಂತು. ಪೈಪೋಟಿ ಸತ್ತುಹೋಗುತ್ತೆ ಅಂತ ಡಚ್ ಸ್ಪರ್ಧಾ ಪ್ರಾಧಿಕಾರ ಒಂದಷ್ಟು ಪಾರ್ಕ್‌ಗಳನ್ನು ಮಾರಬೇಕು ಎಂಬ ಷರತ್ತು ಹಾಕಿಯೇ ಒಪ್ಪಿಗೆ ಕೊಟ್ಟದ್ದು. ನೆದರ್ಲೆಂಡ್ಸ್ ದುಬಾರಿ ಅಂತ ಗಡಿ ದಾಟಿದರೂ ಎಷ್ಟೋ ಸಲ ಅದೇ ಕಂಪನಿಯ ಇನ್ನೊಂದು ಕಾಟೇಜಿನ ಬಾಗಿಲು ತೆರೆಯುತ್ತೀರಿ. ದುಡ್ಡಿಗೆ ಗಡಿ ಇಲ್ಲ. ಬುಕಿಂಗ್ ಡೇಟಾಗೆ ಗಡಿ ಇಲ್ಲ. ಹಾಗಾದರೆ ಗಡಿ ಇರುವುದು ಯಾರಿಗೆ?

ಗೆಳೆಯನ ಶೀಟ್‌ನ ಕೊನೆಯ ಭಾಗಕ್ಕೆ ಬರೋಣ. ಅಲ್ಲಿ ಆರು ಪಾಸ್‌ಪೋರ್ಟ್, ನಾಲ್ಕು ಡಚ್ ರೆಸಿಡೆನ್ಸ್ ಕಾರ್ಡ್, ಇಬ್ಬರು ಹಿರಿಯರ ವೀಸಾ ಮತ್ತು ವಿಮೆ ಪತ್ರ, ಎಲ್ಲದರ ಪ್ರಿಂಟ್ ಅಂತ ಬರೆದಿದೆ. ಮುಂದೆ ಕೆಂಪಕ್ಷರದಲ್ಲಿ ‘ಡಿಕ್ಕಿಯಲ್ಲಿ ಬೇಡ, ಮುಂದಿನ ಸೀಟಲ್ಲಿ’.

ಐಂಡ್‌ಹೋವನ್‌ನಿಂದ ವೆನ್ಲೊ ದಾಟಿ ಜರ್ಮನಿ ಸೇರಲು ಕಾರಲ್ಲಿ ಒಂದು ಗಂಟೆಯೂ ಬೇಡ. ಬೆಂಗಳೂರಿನಿಂದ ತುಮಕೂರಿಗೆ ಹೋಗುವಷ್ಟು ದೂರವೂ ಇಲ್ಲ. 1985ರ ಜೂನ್ 14ರಂದು ಲಕ್ಸೆಂಬರ್ಗ್‌ನ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ಒಂದು ಹಡಗಿನ ಮೇಲೆ ಐದು ದೇಶಗಳು ಸಹಿ ಹಾಕಿ, ನಮ್ಮ ನಡುವಿನ ಗಡಿಯಲ್ಲಿ ತಪಾಸಣೆ ತೆಗೆಯುತ್ತೇವೆ ಅಂದವು. ನೆದರ್ಲೆಂಡ್ಸ್, ಜರ್ಮನಿ ಎರಡೂ ಆ ಐದರಲ್ಲಿದ್ದವು. 1995ರ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. ಯುರೋಪ್ ಅಂದರೆ ಇದೇ ಅಂತ ನಾವು ಪಠ್ಯಪುಸ್ತಕದಲ್ಲೂ ಓದಿದ್ದೇವೆ, ರೀಲ್ಸ್‌ನಲ್ಲೂ ನೋಡಿದ್ದೇವೆ.

ಆ ಒಪ್ಪಂದಕ್ಕೆ ನಲವತ್ತು ತುಂಬಿದ 2025ರ ಜೂನ್‌ನಲ್ಲಿ ಇದೇ ಎರಡು ದೇಶಗಳು ತಮ್ಮ ನಡುವಿನ ಗಡಿಯಲ್ಲಿ ಎರಡೂ ಕಡೆಯಿಂದ ತಪಾಸಣೆ ಮಾಡುತ್ತಿದ್ದವು. ಜೋಲಿಂಗೆನ್ ಎಂಬ ಊರಲ್ಲಿ ನಡೆದ ಚಾಕು ದಾಳಿಯ ನಂತರ ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲಾ ಭೂಗಡಿಗಳಲ್ಲಿ ಪೊಲೀಸರನ್ನು ನಿಲ್ಲಿಸಿತು. ಅದೇ ವರ್ಷ ಡಿಸೆಂಬರ್ 9ರಿಂದ ನೆದರ್ಲೆಂಡ್ಸ್ ಕೂಡ. ಎರಡೂ ‘ತಾತ್ಕಾಲಿಕ’. ಆ ತಾತ್ಕಾಲಿಕವನ್ನು ಎರಡೂ ದೇಶಗಳು ಆಮೇಲೆ ಮತ್ತೆ ಮತ್ತೆ ವಿಸ್ತರಿಸಿವೆ.

ಇದಕ್ಕೆ ಕಾನೂನು ಏನನ್ನುತ್ತೆ? ಇಲ್ಲೊಂದು 36 ಯುರೋ ಕತೆಯಿದೆ. 2019ರಲ್ಲಿ ಸ್ಲೊವೇನಿಯಾದಿಂದ ಆಸ್ಟ್ರಿಯಾಕ್ಕೆ ಬರುತ್ತಿದ್ದ ಒಬ್ಬ ವ್ಯಕ್ತಿ ಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಲು ಒಪ್ಪಲಿಲ್ಲ. 36 ಯುರೋ ದಂಡ ಬಿತ್ತು. ಅವನು ಕೋರ್ಟಿಗೆ ಹೋದ, ಕೇಸು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಮುಟ್ಟಿತು. 2022ರ ಏಪ್ರಿಲ್‌ನಲ್ಲಿ ತೀರ್ಪು: ಅದೇ ಅಪಾಯವನ್ನು ಮುಂದಿಟ್ಟುಕೊಂಡು ಆರು ತಿಂಗಳಿಗಿಂತ ಹೆಚ್ಚು ಕಾಲ ಒಳಗಡಿ ತಪಾಸಣೆ ಮುಂದುವರಿಸುವಂತಿಲ್ಲ, ಹಾಗೆ ಮುಂದುವರಿಸಿದ ತಪಾಸಣೆಯಲ್ಲಿ ಪಾಸ್‌ಪೋರ್ಟ್ ತೋರಿಸಲಿಲ್ಲ ಅಂತ ದಂಡ ಹಾಕುವಂತೆಯೂ ಇಲ್ಲ. ಸರ್ಕಾರಗಳು ಏನು ಮಾಡಿದವು ಗೊತ್ತಾ? ನಿಯಮವನ್ನೇ ಬದಲಾಯಿಸಿದವು. 2024ರ ಜುಲೈನಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಆರಾರು ತಿಂಗಳಂತೆ ಎರಡು ವರ್ಷದವರೆಗೆ ಎಳೆಯಬಹುದು, ಗಂಭೀರ ಪರಿಸ್ಥಿತಿ ಅಂದರೆ ಅದಕ್ಕೂ ಮೇಲೆ. ಕೋರ್ಟಿನಲ್ಲಿ ಸೋತದ್ದನ್ನು ಕಾನೂನು ತಿದ್ದಿ ಗೆಲ್ಲುವ ಈ ಕಲೆ ನಮಗೇನು ಅಪರಿಚಿತವಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಲೇಬೇಕು. ವೆನ್ಲೊ ದಾರಿಯಲ್ಲಿ ಪ್ರತಿ ಕಾರನ್ನೂ ನಿಲ್ಲಿಸುವುದಿಲ್ಲ. ಹಾಗೆ ನಿಲ್ಲಿಸಿದರೆ ದಿನಾ ಗಡಿ ದಾಟಿ ಕೆಲಸಕ್ಕೆ ಹೋಗುವವರೂ ಲಾರಿಗಳೂ ಸೇರಿ ಹೆದ್ದಾರಿ ಕಿಲೋಮೀಟರ್‌ಗಟ್ಟಲೆ ಹೆಪ್ಪುಗಟ್ಟುತ್ತೆ. ಹೆಚ್ಚಿನವರು ಏನೂ ಗೊತ್ತಾಗದೆ ದಾಟಿ ಹೋಗುತ್ತಾರೆ. ಅದಕ್ಕೇ ಇದು ದೊಡ್ಡ ರಾಜಕೀಯ ಸುದ್ದಿ ಆಗುತ್ತಿಲ್ಲ. ಎಲ್ಲರನ್ನೂ ನಿಲ್ಲಿಸಿದ್ದರೆ ಮೂರೇ ದಿನಕ್ಕೆ ಪ್ರತಿಭಟನೆ ಶುರುವಾಗಿ ಗಡಿ ಮತ್ತೆ ತೆರೆದುಕೊಳ್ಳುತ್ತಿತ್ತು. ಕೆಲವರನ್ನು ಮಾತ್ರ ನಿಲ್ಲಿಸುವುದೇ ಈ ವ್ಯವಸ್ಥೆಯ ಆಯುಷ್ಯದ ಗುಟ್ಟು. ಕೆಲವರು ಅಂದರೆ ಯಾರು?

ಇದಕ್ಕೆ ಉತ್ತರ ಸಿಕ್ಕಿದ್ದೂ ಐಂಡ್‌ಹೋವನ್‌ನಲ್ಲೇ. ಕಾಂಗೊ ಮೂಲದ ಎಂಪಾಂಜು ಬಮೆಂಗಾ ಆ ನಗರದ ಕೌನ್ಸಿಲರ್ ಆಗಿದ್ದವರು. 2018ರಲ್ಲಿ ಐಂಡ್‌ಹೋವನ್ ವಿಮಾನ ನಿಲ್ದಾಣದಲ್ಲಿ ಗಡಿ ಪೊಲೀಸರು ಅವರನ್ನು ಸಾಲಿನಿಂದ ಪಕ್ಕಕ್ಕೆ ಕರೆದರು. ಬಂದದ್ದು ಯುರೋಪಿನ ಒಳಗಿನ ವಿಮಾನದಲ್ಲಿ. ತಪಾಸಣೆಗೆ ಯಾರನ್ನು ಆರಿಸಬೇಕು ಅನ್ನುವಾಗ ಜನಾಂಗ, ಚರ್ಮದ ಬಣ್ಣವನ್ನೂ ಒಂದು ಲಕ್ಷಣವಾಗಿ ನೋಡಬಹುದು ಎಂಬುದು ಆಗಿನ ಪೊಲೀಸ್ ಪದ್ಧತಿ. ಬಮೆಂಗಾ ಮತ್ತು ಕೆಲವು ಮಾನವ ಹಕ್ಕು ಸಂಘಟನೆಗಳು ಕೋರ್ಟಿಗೆ ಹೋದರು. 2021ರಲ್ಲಿ ಕೆಳಗಿನ ಕೋರ್ಟ್, ಪೊಲೀಸರು ಮಾಡಿದ್ದು ಸರಿ ಅಂದಿತು. 2023ರ ಫೆಬ್ರವರಿ 14ರಂದು ಹೇಗ್‌ನ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು: ಇದು ತಾರತಮ್ಯ, ನಿಲ್ಲಿಸಿ. ಅದೇ ವರ್ಷ ಬಮೆಂಗಾ ಡಚ್ ಸಂಸತ್ತಿಗೂ ಆಯ್ಕೆಯಾದರು.

ಜೂನ್ 2025ರಲ್ಲಿ ಇನ್ನೊಂದು ಘಟನೆ. ನೆದರ್ಲೆಂಡ್ಸ್‌ನ ಟೆರ್ ಆಪಲ್ ಎಂಬಲ್ಲಿ ನಿರಾಶ್ರಿತರ ನೋಂದಣಿ ಕೇಂದ್ರವಿದೆ. ಅದರ ಹತ್ತಿರದ ಜರ್ಮನ್ ಗಡಿಯಲ್ಲಿ ಹೊಳೆಯುವ ಜಾಕೆಟ್ ಹಾಕಿಕೊಂಡ ಹತ್ತಾರು ಮಂದಿ ತಾವೇ ರಸ್ತೆಯಲ್ಲಿ ನಿಂತು ಬರುವ ಕಾರುಗಳನ್ನು ತಡೆದು ಒಳಗೆ ಇಣುಕಿ ನೋಡತೊಡಗಿದರು. ಪೊಲೀಸರಲ್ಲ, ಊರಿನವರು. ಸರ್ಕಾರ ಇದನ್ನು ಖಂಡಿಸಿತು. ವಲಸೆ ವಿರೋಧಿ ನಾಯಕ ಗೀರ್ಟ್ ವಿಲ್ಡರ್ಸ್ ಮೆಚ್ಚಿಕೊಂಡರು. ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ರಜೆ ಮುಗಿಸಿ ವಾಪಸ್ ಬರುತ್ತಿರುವ ಕಾರು. ಹಿಂದಿನ ಸೀಟಲ್ಲಿ ಪಂಚೆ ಉಟ್ಟ ಅಜ್ಜ, ಸೀರೆ ಉಟ್ಟ ಅಜ್ಜಿ, ನಿದ್ದೆ ಮಾಡುತ್ತಿರುವ ಮಗು. ಕಿಟಕಿಗೆ ಟಾರ್ಚ್ ಬೆಳಕು. ಟಾರ್ಚ್ ಹಿಡಿದವನಿಗೆ ಎಎಸ್‌ಎಂಎಲ್ ಇಂಜಿನಿಯರ್‌ಗೂ ಆಶ್ರಯ ಕೇಳಿ ಬಂದವನಿಗೂ ವ್ಯತ್ಯಾಸ ಗೊತ್ತಾಗುವುದು ಹೇಗೆ? ರೆಸಿಡೆನ್ಸ್ ಕಾರ್ಡ್ ಹಣೆ ಮೇಲೆ ಅಂಟಿಸಿಕೊಂಡಿರುವುದಿಲ್ಲವಲ್ಲ.

ಇದನ್ನೇ ಗೆಳೆಯನಿಗೆ ಹೇಳಿದೆ. ಅವನ ಉತ್ತರ ಗ್ರೂಪ್‌ನಲ್ಲಿ ಬಹಳ ಜನ ಕೊಡುವ ಉತ್ತರವೇ. “ನಾವು ಲೀಗಲ್ ಆಗಿ ಬಂದವರು ಮಾರಾಯ. ಟ್ಯಾಕ್ಸ್ ಕಟ್ತೀವಿ. ಪೇಪರ್ ತೋರಿಸೋದ್ರಲ್ಲಿ ಏನು ಕಷ್ಟ? ಅವರು ಹುಡುಕ್ತಿರೋದು ನಮ್ಮನ್ನಲ್ಲ.”

ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಕಾಗದಗಳು ನಿಜಕ್ಕೂ ಅವನ ಕಡೆ ಇವೆ. ಡಚ್ ರೆಸಿಡೆನ್ಸ್ ಕಾರ್ಡ್ ಜೊತೆ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್‌ನ ಬೇರೆ ದೇಶಗಳಲ್ಲಿ 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು. ತುಮಕೂರಿನ ಅಪ್ಪ-ಅಮ್ಮನಿಗೆ ನೆದರ್ಲೆಂಡ್ಸ್ ಕೊಡುವ ಷೆಂಗೆನ್ ವೀಸಾ ಜರ್ಮನಿಗೂ ನಡೆಯುತ್ತೆ. ಒಬ್ಬೊಬ್ಬರಿಗೆ 90 ಯುರೋ ಶುಲ್ಕ, ಕನಿಷ್ಠ 30,000 ಯುರೋ ವಿಮೆ, ಬೆಂಗಳೂರಿನಲ್ಲಿ ಬೆರಳಚ್ಚು, ಎಲ್ಲಾ ಆದ ಮೇಲೆ ಸಿಗುವ ಹಕ್ಕು ಅದು. 2024ರ ಏಪ್ರಿಲ್‌ನಿಂದ, ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ನಿಯಮದಂತೆ ಬಳಸಿದ ಭಾರತೀಯರಿಗೆ ಎರಡು ವರ್ಷದ ವೀಸಾ ಕೊಡುವ ಪದ್ಧತಿಯೂ ಬಂದಿದೆ. ಭಾರತದ ಇಂಜಿನಿಯರು ಬೇಕು, ಅವನ ಅಪ್ಪ-ಅಮ್ಮ ಬಂದು ಹೋಗಲಿ ಅಂತ ಯುರೋಪ್ ಹೇಳುತ್ತಿರುವುದು ಸುಳ್ಳಲ್ಲ.

ಉಳಿದರ್ಧ ಕಾಗದ ಕೈಗೆ ಬರುವುದಕ್ಕೆ ಮೊದಲೇ ನಡೆದುಹೋಗುತ್ತೆ. ಯಾವ ಕಾರನ್ನು ಪಕ್ಕಕ್ಕೆ ಕರೆಯಬೇಕು ಅಂತ ತೀರ್ಮಾನ ಮಾಡುವ ಆ ಮೂರು ಸೆಕೆಂಡ್‌ಗಳಲ್ಲಿ ಕಾಗದ ಕಾಣುವುದಿಲ್ಲ, ಮುಖ ಕಾಣುತ್ತೆ. ಬಮೆಂಗಾ ಹತ್ತಿರ ಎಲ್ಲಾ ಕಾಗದ ಇತ್ತು, ಮತದಾರರು ಕೊಟ್ಟ ಅಧಿಕಾರವೂ ಇತ್ತು. ‘ಅವರು ಹುಡುಕ್ತಿರೋದು ನಮ್ಮನ್ನಲ್ಲ’ ಅನ್ನುವವರು ಹುಡುಕುವವನ ಕಣ್ಣಿನ ಮೇಲೆ ಅಗತ್ಯಕ್ಕಿಂತ ಹೆಚ್ಚು ನಂಬಿಕೆ ಇಟ್ಟಿದ್ದಾರೆ.

ಇದು ಯುರೋಪಿನ ಬಿಳಿಯರ ಕಾಯಿಲೆ ಮಾತ್ರ ಅಂತಲೂ ನಾನು ಹೇಳುತ್ತಿಲ್ಲ. 2020ರ ಜನವರಿಯಲ್ಲಿ ಇದೇ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ನೂರಾರು ಶೆಡ್ಡುಗಳನ್ನು ಕೆಡವಿದರು. ಅಲ್ಲಿರುವವರು ಬಾಂಗ್ಲಾದೇಶದವರು ಅಂತ ಒಂದು ವಿಡಿಯೊ ಓಡಾಡಿತ್ತು, ಅಷ್ಟೇ. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕನ್ನಡ ಮಾತಾಡುವವರನ್ನು ಬೆಂಗಳೂರಿನಲ್ಲಿ ಬಾಂಗ್ಲಾದೇಶಿ ಅಂತ ಎಬ್ಬಿಸಿದ್ದು! ಹೈಕೋರ್ಟ್ ಮಧ್ಯೆ ಬಂದು ತಡೆಯಬೇಕಾಯಿತು. ಅವತ್ತು ನಮ್ಮ ಗ್ರೂಪ್‌ನಲ್ಲಿ ಬಂದ ಮೆಸೇಜುಗಳು ನನಗೆ ಇನ್ನೂ ನೆನಪಿವೆ: ಪೇಪರ್ ಇದ್ರೆ ಯಾಕೆ ಭಯ? ಆ ಶೆಡ್ಡುಗಳಿಗೆ ಕೂಗಳತೆ ದೂರದ ಆಫೀಸುಗಳಲ್ಲಿ ಕೂತು ಹಾಗೆ ಬರೆದವರಲ್ಲಿ ಕೆಲವರು ಈಗ ಪಾಸ್‌ಪೋರ್ಟನ್ನು ಮುಂದಿನ ಸೀಟಲ್ಲಿ ಇಟ್ಟುಕೊಂಡು ಕಾರು ಓಡಿಸುತ್ತಿದ್ದಾರೆ.

ಪಾರ್ಕ್ ವಿಷಯ ಇನ್ನೊಂದು ಸ್ವಲ್ಪ ಇದೆ. ನೆದರ್ಲೆಂಡ್ಸ್‌ನ ಎಷ್ಟೋ ರಜಾ ಪಾರ್ಕ್‌ಗಳಲ್ಲಿ ಈಗ ಎಲ್ಲರೂ ರಜೆಗೆ ಬಂದವರಲ್ಲ. ಗೋದಾಮು, ಹಸಿರುಮನೆ, ಕಸಾಯಿಖಾನೆಗಳಲ್ಲಿ ದುಡಿಯುವ ಪೋಲೆಂಡ್, ರೊಮೇನಿಯಾದ ಕಾರ್ಮಿಕರನ್ನು ಏಜೆನ್ಸಿಗಳು ಅಲ್ಲಿ ಇರಿಸುತ್ತವೆ. ಉಕ್ರೇನ್ ಯುದ್ಧದಿಂದ ಓಡಿಬಂದವರು, ಆಶ್ರಯ ಕೇಳಿದವರು ಕೆಲವು ಕಡೆ ಇದ್ದಾರೆ. ವಿಚ್ಛೇದನ ಆಗಿ ಬಾಡಿಗೆ ಮನೆ ಸಿಗದ ಡಚ್ಚರೂ ಇದ್ದಾರೆ. ಮನೆಗಳ ಕೊರತೆ ಅಷ್ಟು ತೀವ್ರ. 2025ರಲ್ಲಿ ಅಲ್ಲಿನ ವಸತಿ ಸಚಿವೆ ಮೋನಾ ಕೈಜರ್, ಇಂಥ ಕಾಟೇಜುಗಳಲ್ಲಿ ಜನ ಕಾಯಂ ಆಗಿ ಇರುವುದಕ್ಕೆ ಅನುಮತಿ ಕೊಡೋಣ ಅಂತಲೇ ಹೊರಟಿದ್ದರು. ನಗರದ ಜನ ವರ್ಷಕ್ಕೊಮ್ಮೆ ಮರಗಳ ನಡುವೆ ಇರಲಿ ಅಂತ ಡೆರ್ಕ್‌ಸೆನ್ ಶುರು ಮಾಡಿದ ಮಾದರಿ ಕೆಲವರಿಗೆ ವರ್ಷವಿಡೀ ತಲೆ ಮೇಲಿನ ಸೂರು.

ಮನೆ ಕಟ್ಟದ ಸರ್ಕಾರಗಳು ಗಡಿಯಲ್ಲಿ ಪೊಲೀಸರನ್ನು ನಿಲ್ಲಿಸುವುದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಮನೆ ಕಟ್ಟಲು ಹತ್ತು ವರ್ಷ ಬೇಕು. ಹೆದ್ದಾರಿ ಪಕ್ಕ ಒಂದು ಟೆಂಟ್ ಹಾಕಿ ಎರಡು ಜೀಪು ನಿಲ್ಲಿಸಲು ಒಂದು ರಾತ್ರಿ ಸಾಕು, ಬೆಳಿಗ್ಗೆ ಟಿವಿಯಲ್ಲೂ ಬರುತ್ತೆ. ಬರ್ಲಿನ್‌ನ ಆಡಳಿತಾತ್ಮಕ ನ್ಯಾಯಾಲಯ 2025ರ ಜೂನ್‌ನಲ್ಲಿ, ಆಶ್ರಯ ಕೇಳಿದ ಮೂವರು ಸೊಮಾಲಿಯಾದವರನ್ನು ಗಡಿಯಿಂದಲೇ ವಾಪಸ್ ಕಳಿಸಿದ್ದು ಕಾನೂನುಬಾಹಿರ ಅಂದಾಗಲೂ ಜರ್ಮನಿಯ ಗೃಹ ಸಚಿವ ಅಲೆಕ್ಸಾಂಡರ್ ಡೋಬ್ರಿಂಟ್ ಹೇಳಿದ್ದು, ಇದು ಬಿಡಿ ಪ್ರಕರಣ, ನಾವು ಮುಂದುವರಿಸುತ್ತೇವೆ ಅಂತ.

ಗೆಳೆಯ ಬುಕಿಂಗ್ ಮಾಡಿದ್ದಾನೆ. ಜರ್ಮನಿಯ ಜೌವರ್‌ಲಾಂಡ್ ಬೆಟ್ಟಗಳಲ್ಲಿ, ಸೋಮವಾರದಿಂದ ಶುಕ್ರವಾರ. ವಾರಾಂತ್ಯಕ್ಕಿಂತ ಅಗ್ಗ. ಹಾಸಿಗೆ ಬಟ್ಟೆ, ಕೊನೆಯ ದಿನದ ಕ್ಲೀನಿಂಗ್, ಸ್ಥಳೀಯ ಪ್ರವಾಸಿ ತೆರಿಗೆ ಎಲ್ಲಾ ಸೇರಿ ಮೊದಲು ತೋರಿಸಿದ ಬೆಲೆಗಿಂತ ಕೊನೆಗೆ ಕಟ್ಟಿದ್ದು ಜಾಸ್ತಿಯೇ. ಒಲೆ ಇಂಡಕ್ಷನ್ ಅಲ್ಲ ಅಂತ ಫೋನ್ ಮಾಡಿ ಖಚಿತ ಮಾಡಿಕೊಂಡಿದ್ದಾನೆ. ಇಬ್ಬರು ಮಕ್ಕಳಲ್ಲಿ ದೊಡ್ಡವಳಿಗೆ ಏಳು ವರ್ಷ. ಹುಟ್ಟಿದ್ದು ಐಂಡ್‌ಹೋವನ್‌ನಲ್ಲಿ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಡಚ್, ಕೈಯಲ್ಲಿ ಭಾರತದ ಪಾಸ್‌ಪೋರ್ಟ್. ಅವಳ ತರಗತಿಯ ಇನ್ನೊಂದು ಕುಟುಂಬವೂ ಅದೇ ವಾರ ಅದೇ ಪಾರ್ಕಿಗೆ ಹೋಗುತ್ತಿದೆಯಂತೆ. ಅವರು ಡಚ್ಚರು. ಪಾಸ್‌ಪೋರ್ಟ್ ತಗೊಂಡು ಹೋಗಬೇಕಾ ಅಂತ ಇವನು ಕೇಳಿದರೆ, ಆ ಮಗುವಿನ ಅಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.